ಎಲೆಮರೆಯ ಕಾಯಿಗಳ ನಡುವೆ ನಮ್ಮ ಸಾಹೇಬರು

ಅಭಿನಂದನಾ ಗ್ರಂಥದ ಸಂಪಾದಕ ಮಂಡಳಿಗೆ ಹೆಸರು ಕೊಡುವ ಮುನ್ನ ಯಾರಾದರೂ ನನ್ನನ್ನು ತಡೆಯಬೇಕಿತ್ತು. ನಮ್ಮ ಸಾಹೇಬರಿಗೆ ಎಪ್ಪತ್ತೈದು ತುಂಬುತ್ತದೆ, ಅವರ ಕೈಕೆಳಗೆ ಕೆರೆ ಕೆಲಸ ಕಲಿತವರೆಲ್ಲ ಸೇರಿ ಒಂದು ಗ್ರಂಥ ತರೋಣ ಎಂದು ಹಳೆಯ ಸಹೋದ್ಯೋಗಿಗಳು ಹೇಳಿದಾಗ ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಕನ್ನಡ ಚೆನ್ನಾಗಿ ಬರೆಯುತ್ತಾಳೆ ಎಂಬ ಅಪವಾದ ಕಚೇರಿಯಲ್ಲಿ ನನ್ನ ಮೇಲೆ ಮೊದಲಿನಿಂದಲೂ ಇದೆ. ಹಾಗಾಗಿ ಬಂದ ಲೇಖನಗಳನ್ನೆಲ್ಲ ಓದಿ, ತಿದ್ದಿ, ಡಿಟಿಪಿಗೆ ಕಳಿಸುವ ಹೊಣೆ ನನ್ನ ಪಾಲಿಗೆ ಬಂತು. ಮೇಜಿನ ಮೇಲೆ ಈಗ ಸಾಹೇಬರ ಮೇಲಿನ ಪ್ರೀತಿ ರಾಶಿ ಬಿದ್ದಿದೆ. ಓದುತ್ತಾ ಹೋದಂತೆ ಒಂದು ಕಿರಿಕಿರಿ ಶುರುವಾಯಿತು, ಅದು ಇನ್ನೂ ಹೋಗಿಲ್ಲ. ಇಷ್ಟು ದೊಡ್ಡ ರಾಶಿಯಲ್ಲಿ ಸಾಹೇಬರು ಮಾತ್ರ ಎಲ್ಲೂ ಸಿಗುತ್ತಿಲ್ಲ.

ಬಂದಿರುವ ಲೇಖನಗಳ ಪ್ರಕಾರ ಅವರು ಸರಳ ಸಜ್ಜನಿಕೆಯ ಸಾಕಾರಮೂರ್ತಿ. ನಡೆದಾಡುವ ವಿಶ್ವಕೋಶ. ಕಾಯಕಯೋಗಿ. ಅಜಾತಶತ್ರು (ಗುತ್ತಿಗೆದಾರರನ್ನು ಕೇಳಿ ನೋಡಬೇಕು). ಎಲೆಮರೆಯ ಕಾಯಿಯಂತೂ ಬಹುಪಾಲು ಎಲ್ಲರ ಲೇಖನದಲ್ಲೂ ಇದೆ. ಇಷ್ಟು ಜನ ಇಷ್ಟು ವರ್ಷ ಬೆರಳು ತೋರಿಸಿದ ಮೇಲೂ ಆ ಕಾಯಿ ಎಲೆಯ ಮರೆಯಲ್ಲೇ ಹೇಗೆ ಉಳಿದಿದೆಯೋ. ಒಬ್ಬರ ಲೇಖನದ ಮೂರನೆಯ ಪುಟದಲ್ಲಿ ನಮ್ಮ ಸಾಹೇಬರ ಹೆಸರಿನ ಬದಲು ಬೇರೆ ಯಾರದೋ ಹೆಸರಿತ್ತು. ಹಿಂದೊಮ್ಮೆ ಇನ್ಯಾರದೋ ನಿವೃತ್ತಿಗೆ ಬರೆದದ್ದನ್ನೇ ತಿದ್ದಿ ಕಳಿಸಿದ್ದರು, ಒಂದು ಕಡೆ ತಿದ್ದುವುದು ಮರೆತಿದ್ದರು. ನಗು ಬಂತು ನಿಜ. ಆದರೆ ಹೆಸರನ್ನು ಸರಿಮಾಡಿದ ಮೇಲೆ ಆ ಲೇಖನ ಉಳಿದ ಯಾವ ಲೇಖನಕ್ಕಿಂತಲೂ ಕಡಿಮೆ ನಿಜವಾಗಿ ಕಾಣಲಿಲ್ಲ ಎಂಬುದು ನನ್ನ ತಲೆ ಕೊರೆಯತೊಡಗಿದ ಸಂಗತಿ.

ಇವರು ಯಾರೂ ಸುಳ್ಳು ಬರೆಯುವವರಲ್ಲ. ಅವರಲ್ಲಿ ಎಷ್ಟೋ ಮಂದಿಯ ಮಕ್ಕಳ ಮದುವೆಯಲ್ಲಿ ಸಾಹೇಬರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕಾಲಿಗೆರಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ವೇದಿಕೆಯ ಮೇಲೆ ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ ಎಲ್ಲರಿಗೂ ಒಂದೇ ಬಗೆಯದಾಗಿರುವುದರಲ್ಲಿ ಒಂದು ಮರ್ಯಾದೆಯೂ ಇದೆ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ. ಆದರೆ ಶಾಲು ಹೊದಿಸುವಂತೆ ಮಾತು ಹೊದಿಸಿದರೆ ಒಳಗಿರುವ ಮನುಷ್ಯ ಕಾಣದೆ ಹೋಗುತ್ತಾನೆ. ಏನು ಕಲಿಸಿದರು, ಎಲ್ಲಿ ನಿಂತು ಕಲಿಸಿದರು, ಅದನ್ನು ಅವರು ಯಾರಿಂದ ಕಲಿತಿದ್ದರು, ಏನನ್ನು ಕಲಿಸಲಿಲ್ಲ, ಇಷ್ಟನ್ನೂ ಹೇಳದೆ ‘ಋಣಿ’ ಎಂದರೆ ಅದು ಮೊತ್ತ ಬರೆಯದ ಚೆಕ್. ಎಷ್ಟು ಪ್ರೀತಿಯಿಂದ ಸಹಿ ಮಾಡಿದರೂ ಬ್ಯಾಂಕಿನಲ್ಲಿ ನಡೆಯುವುದಿಲ್ಲ.

ಏರಿಯ ಕೆಳಗೆ

ತುಮಕೂರು ಜಿಲ್ಲೆಯ ಉತ್ತರ ಭಾಗದ ಒಂದು ಊರು. ಬರದ ಸೀಮೆ, ಅಲ್ಲಿ ಕೆರೆ ತುಂಬುವುದೆಂದರೆ ಜಾತ್ರೆ. ಆ ವರ್ಷ ಹಿಂಗಾರು ಮಳೆ ಒಂದೇ ವಾರದಲ್ಲಿ ಸುರಿದು, ಎಷ್ಟೋ ವರ್ಷಗಳ ಮೇಲೆ ಕೆರೆ ಕೋಡಿ ಬೀಳುವ ಹಂತಕ್ಕೆ ಬಂದಿತ್ತು. ಏರಿಯ ಬುಡದಲ್ಲಿ ನೀರು ಒಸರುತ್ತಿದೆ, ಕೆರೆ ಒಡೆಯುತ್ತದೆ ಎಂದು ಊರಿನಿಂದ ಫೋನ್ ಬಂತು. ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಜೀಪಿನಲ್ಲಿ ನೆಲದ ಮಟ್ಟ ಅಳೆಯುವ ಡಂಪಿ ಲೆವೆಲ್, ಅದರ ಅಳತೆಗೋಲು, ಟೇಪು ಎಲ್ಲ ಹೇರಿಕೊಂಡು ಹೊರಟೆವು. ದಾರಿಯುದ್ದಕ್ಕೂ ಸಾಹೇಬರು ಒಂದು ಮಾತೂ ಆಡಲಿಲ್ಲ.

ಊರಿನವರೆಲ್ಲ ಏರಿಯ ಮೇಲೆ ನಿಂತಿದ್ದರು. ತುಂಬಿದ ಕೆರೆಯನ್ನು ಮೇಲಿನಿಂದ ನೋಡುವುದು ಯಾರಿಗಾದರೂ ಇಷ್ಟವೇ. ಸಾಹೇಬರು ಮಾತ್ರ ನೀರಿನ ಕಡೆ ತಿರುಗಿಯೂ ನೋಡದೆ, ಮುಳ್ಳುಕಂಟಿ ಸರಿಸಿಕೊಂಡು ಏರಿಯ ಹಿಂಬದಿಗೆ, ಗದ್ದೆಗಳಿರುವ ಕಡೆಗೆ ಇಳಿದರು. ಕೆರೆಯ ಆರೋಗ್ಯ ಗೊತ್ತಾಗುವುದು ನೀರಿಲ್ಲದ ಬದಿಯಲ್ಲಿ. ಹೊಸಬರನ್ನು ಯಾವ ಕೆರೆಗೆ ಕರೆದುಕೊಂಡು ಹೋದರೂ ನಾನು ಇಂದಿಗೂ ಮೊದಲು ಅಲ್ಲಿಗೇ ಇಳಿಯುತ್ತೇನೆ. ಇದು ಯಾವ ಪಠ್ಯದಲ್ಲೂ ಇಲ್ಲದ ರಹಸ್ಯವೇನಲ್ಲ. ಆದರೆ ಓದಿದ್ದು ಕಾಲಿಗೆ ಇಳಿಯಬೇಕಾದರೆ ಮುಂದೆ ಒಬ್ಬರು ಇಳಿಯಬೇಕಾಗುತ್ತದೆ.

ಪಂಚಾಯಿತಿ ಅಧ್ಯಕ್ಷರು ಕೆರೆಯ ನೀರು ಬಿಡುವ, ಏರಿ ಕಾಯುವ ನೀರುಗಂಟಿಯನ್ನು ಕೂಗಿದರು. “ಏ, ಬಾರೋ ಇಲ್ಲಿ, ಸಾಹೇಬರಿಗೆ ತೋರಿಸು.” ಎಪ್ಪತ್ತರ ಹತ್ತಿರದ ಮುದುಕ, ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡು, ಎಲ್ಲರಿಂದಲೂ ಒಂದಿಷ್ಟು ದೂರದಲ್ಲಿ ನಿಂತಿದ್ದರು. ಸಾಹೇಬರು ಅವರ ಹತ್ತಿರಕ್ಕೆ ಹೋಗಿ, “ಯಜಮಾನರೇ, ಈ ಜಾಗ ಮೊದಲಿನಿಂದಲೂ ಒಸರುತ್ತದೆಯೇ, ಈಗ ಶುರುವಾದದ್ದೇ?” ಎಂದು ಕೇಳಿದರು. ಅಧ್ಯಕ್ಷರ ಮುಖ ಒಂದು ಕ್ಷಣ ಬಿಗಿಯಿತು. ಮುದುಕರು ಮಾತ್ರ ಆ ಮರ್ಯಾದೆಯನ್ನು ಗಮನಿಸಿದಂತೆಯೇ ಕಾಣಲಿಲ್ಲ. ಅವರ ಕಣ್ಣು ಒಸರಿನ ಮೇಲಿತ್ತು. “ನಮ್ಮಪ್ಪನ ಕಾಲದಿಂದ ಒಸರುತ್ತದೆ ಸ್ವಾಮಿ. ಕೆರೆ ತುಂಬಿದರೆ ಏರಿ ಬೆವರುವುದು ಇದ್ದದ್ದೇ. ಬೆವರಿದರೆ ಭಯವಿಲ್ಲ, ಬಣ್ಣ ನೋಡಬೇಕು. ಒಂದು ಲೋಟ ತರಿಸಿ.”

ಚಹಾದಂಗಡಿಯಿಂದ ಎರಡು ಗಾಜಿನ ಲೋಟ ಬಂದವು. ಒಂದು ಲೋಟವನ್ನು ಆ ಹಳೆಯ ಒಸರಿಗೆ ಹಿಡಿದು ತುಂಬಿಸಿ ಕಲ್ಲಿನ ಮೇಲೆ ಇಟ್ಟರು. ಹತ್ತು ಹೆಜ್ಜೆ ಆಚೆ, ಹುಲ್ಲಿನ ನಡುವೆ ಇನ್ನೊಂದು ಕಡೆ ನೀರು ಜಿನುಗುತ್ತಿದ್ದದ್ದು ನಮಗೆ ಯಾರಿಗೂ ಕಂಡಿರಲಿಲ್ಲ. ಅಲ್ಲಿಯದನ್ನು ಎರಡನೆಯ ಲೋಟದಲ್ಲಿ ಹಿಡಿದು ಪಕ್ಕದಲ್ಲಿ ಇಟ್ಟರು. ಆಮೇಲೆ ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತರು. ಮೇಲಿನಿಂದ ಜನ ಕೂಗುತ್ತಿದ್ದರು, ಜೇಸಿಬಿ ತರಿಸಬೇಕೆಂದು ಒಬ್ಬರು, ಜೇಡಿಮಣ್ಣು ತುಂಬಿ ಮುಚ್ಚಬೇಕೆಂದು ಇನ್ನೊಬ್ಬರು. ಇವರಿಬ್ಬರೂ ಲೋಟ ನೋಡುತ್ತಾ ಕುಳಿತೇ ಇದ್ದರು. ಮೊದಲನೆಯ ಲೋಟದ ನೀರು ತಿಳಿಯಾಗಿಯೇ ಉಳಿಯಿತು. ಎರಡನೆಯದರ ತಳದಲ್ಲಿ, ಕುಂಕುಮದಷ್ಟು ನುಣ್ಣನೆಯ ಕೆಮ್ಮಣ್ಣು ನಿಧಾನವಾಗಿ ಕೂತಿತು. “ಇದು ಹೊಸದು,” ಎಂದರು ಮುದುಕರು. “ಒಳಗಿನಿಂದ ಮಣ್ಣು ತಿನ್ನುತ್ತಿದೆ.”

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ವಲ್ಪ ಮೇಲೆ, ಏರಿಯ ಇಳಿಜಾರಿನಲ್ಲಿ ಹಿಂದೆ ಬಳ್ಳಾರಿ ಜಾಲಿ ಕಡಿದಿದ್ದರು, ಬುಡ ಕೀಳದೆ ಹಾಗೆಯೇ ಬಿಟ್ಟಿದ್ದರು. ಬೇರು ಕೊಳೆತು ಒಳಗೆ ಕೊಳವೆಯಾಗಿತ್ತು. ಆಮೇಲಿನದು ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರುವುದೇ: ಒಸರನ್ನು ಮುಚ್ಚಬಾರದು, ಮುಚ್ಚಿದರೆ ನೀರು ಬೇರೆ ಕಡೆ ದಾರಿ ಹುಡುಕುತ್ತದೆ. ಅದರ ಮೇಲೆ ಮರಳು, ಮರಳಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಕಲ್ಲು ಹೇರಿ, ನೀರನ್ನು ಹೊರಗೆ ಬಿಟ್ಟು ಮಣ್ಣನ್ನು ಮಾತ್ರ ಒಳಗೆ ಹಿಡಿಯಬೇಕು. ಆದರೆ ಕೆರೆಯ ಮಟ್ಟವನ್ನೂ ಇಳಿಸಬೇಕಿತ್ತು. ಎಷ್ಟು ಎಂಬುದಕ್ಕೆ ನಾನು ಲೆವೆಲ್ ಹೂಡಲು ಹೊರಟಾಗ ಮುದುಕರು ಕೆರೆಯ ನೀರು ಹೊರಬಿಡುವ ತೂಬಿನ ಕಲ್ಲುಕಂಬಗಳ ಕಡೆ ಕೈ ತೋರಿಸಿದರು. “ಎರಡು ಅಡ್ಡಗಲ್ಲು ಇಳಿದರೆ ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಬೇಸಿಗೆ ಬೆಳೆ ಹೋಗುತ್ತದೆ.” ಅಧ್ಯಕ್ಷರು ಒಪ್ಪಲಿಲ್ಲ, ಎಷ್ಟೋ ವರ್ಷದ ಮೇಲೆ ಬಂದ ನೀರು, ಒಂದು ಗೇಣೂ ಬಿಡುವುದಿಲ್ಲ ಎಂದರು. ಸಾಹೇಬರು ವಾದಕ್ಕೆ ನಿಲ್ಲದೆ ಎರಡನೆಯ ಲೋಟವನ್ನು ತೆಗೆದುಕೊಂಡು ಹೋಗಿ ಅವರ ಕೈಯಲ್ಲಿ ಇಟ್ಟರು. ಮುದುಕರು ಪಂಚೆ ಎತ್ತಿ ಕಟ್ಟಿ, ನೀರಿಗಿಳಿದು, ತೂಬಿನ ಗೂಟ ಎತ್ತಿದರು.

ಅಂದು ಸಂಜೆ ಜೀಪಿನಲ್ಲಿ ಕುಳಿತು ಸಾಹೇಬರು ತಮ್ಮ ಟಿಪ್ಪಣಿ ಪುಸ್ತಕ ತೆರೆದರು. ಪ್ರತಿ ಪುಟದಲ್ಲೂ ಬಲಗಡೆ ಒಂದು ಗೆರೆ ಎಳೆದು ಅಂಕಣ ಮಾಡಿರುತ್ತಿದ್ದರು. ಎಡಕ್ಕೆ ಕಂಡದ್ದು, ಅಳೆದದ್ದು. ಬಲಕ್ಕೆ ‘ಯಾರು ಹೇಳಿದ್ದು’. ಎರಡು ಒಸರು, ಲೋಟದ ಪರೀಕ್ಷೆ, ಎರಡು ಅಡ್ಡಗಲ್ಲು, ಎಲ್ಲದರ ಎದುರಿಗೂ ನೀರುಗಂಟಿಯ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಮೇಲಿನ ಕಚೇರಿಗೆ ಹೋದ ವರದಿಯಲ್ಲೂ ಅದೇ ಹೆಸರು ಇತ್ತು. ‘ಈ ವ್ಯಕ್ತಿ ಯಾರು? ವರದಿಯಲ್ಲಿ ಅನಗತ್ಯ’ ಎಂದು ಯಾರೋ ಕೆಂಪು ಶಾಯಿಯಲ್ಲಿ ಬರೆದು ಕಡತವನ್ನು ವಾಪಸು ಕಳಿಸಿದರು. ಸಾಹೇಬರು ಒಂದಕ್ಷರವನ್ನೂ ಬದಲಿಸದೆ, ‘ಮಾಹಿತಿ ನೀಡಿದವರು’ ಎಂದು ಅಂಚಿನಲ್ಲಿ ಸೇರಿಸಿ ಮತ್ತೆ ಕಳಿಸಿದರು.

ಬೈಗುಳದ ಬಗ್ಗೆ

ಅವರಿಗೆ ನಾನು ಋಣಿ ಎನ್ನುವಾಗ ನನ್ನ ಮನಸ್ಸಿನಲ್ಲಿರುವುದು ಆ ಬಲಗಡೆಯ ಅಂಕಣ. ಸರಳತೆ ಅಲ್ಲ. ಸರಳ ಮನುಷ್ಯರು ನನಗೆ ಬೇಕಾದಷ್ಟು ಗೊತ್ತು, ಅವರಿಂದ ನಾನು ಏನೂ ಕಲಿತಿಲ್ಲ. ಇಂಜಿನಿಯರಿಂಗ್ ಕಾಲೇಜಿನಿಂದ ಹೊರಬಂದ ನಮಗೆಲ್ಲ ತಿಳಿವಳಿಕೆ ಎಂದರೆ ನಮ್ಮ ತಲೆಯಲ್ಲಿ ಇರುವುದು, ಹಳ್ಳಿ ಎಂದರೆ ಅದನ್ನು ಇಳಿಸುವ ಜಾಗ. ಅಂಕಣ ಎಳೆದು ಖಾಲಿ ಬಿಟ್ಟರೆ ಸಾಹೇಬರು ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ಕೇಳುವುದನ್ನು ಕಲಿತೆವು. ಮೊದಮೊದಲು ಭಯಕ್ಕೆ, ಆಮೇಲೆ ರುಚಿ ಹತ್ತಿ. ಯಾವ ಕೆರೆಯಲ್ಲಿ ಹೂಳು ತೆಗೆಯುವಾಗ ಎಷ್ಟು ಆಳಕ್ಕೆ ನಿಲ್ಲಿಸಬೇಕು, ಎಲ್ಲಿ ತಳದ ಜೇಡಿಪದರ ತೆಳ್ಳಗಿದೆ, ಅದನ್ನು ಕೆದಕಿದರೆ ಹೇಗೆ ನೀರೆಲ್ಲ ಇಂಗಿ ಕೆರೆ ಬರಿದಾಗುತ್ತದೆ ಎಂಬುದನ್ನು ಎಷ್ಟೋ ಕಡೆ ನಮಗೆ ಹೇಳಿದವರು ಕುರಿ ಕಾಯುವವರು.

ಆದರೆ ಗ್ರಂಥಕ್ಕೆ ಬಂದ ಕೆಲವು ಲೇಖನಗಳಲ್ಲಿ ‘ಸಾಹೇಬರ ಬೈಗುಳವೇ ನಮಗೆ ಆಶೀರ್ವಾದವಾಯಿತು’ ಎಂಬ ಮಾತಿದೆ. ಇದನ್ನು ನಾನು ಒಪ್ಪುವುದಿಲ್ಲ. ಬೈಗುಳ ಬೈಗುಳವೇ. ನಾಲ್ಕು ಜನರ ಮುಂದೆ, ಗುತ್ತಿಗೆದಾರರ ಕಡೆಯ ಹುಡುಗರು ಕಿಸಕ್ಕನೆ ನಗುವಂತೆ ಬೈಯುತ್ತಿದ್ದರು. ನಮ್ಮ ಜೊತೆಯಲ್ಲಿ ಸೇರಿದ ಒಬ್ಬ ಹುಡುಗ, ಮಾತಾಡುವಾಗ ಸ್ವಲ್ಪ ತೊದಲುತ್ತಿದ್ದವನು, ಅದನ್ನು ತಾಳಲಾರದೆ ಬೇರೆ ಕೆಲಸ ಹುಡುಕಿಕೊಂಡು ಹೋದ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದ. ಅವನಿಂದ ಲೇಖನ ಬಂದಿಲ್ಲ, ಬರುವುದೂ ಇಲ್ಲ. ಬದುಕಿ ಉಳಿದವರು ಮಾತ್ರ ಬರೆಯುವ ಪುಸ್ತಕದಲ್ಲಿ ಬೈಗುಳ ಆಶೀರ್ವಾದವಾಗಿಯೇ ಕಾಣುತ್ತದೆ. ನಾವು ಕಲಿತದ್ದು ಬೈಗುಳದಿಂದಲ್ಲ, ಬೈಗುಳವನ್ನು ದಾಟಿಕೊಂಡು.

ಇನ್ನೊಂದು. ನನ್ನ ಅಮ್ಮ ಹಾಸಿಗೆ ಹಿಡಿದಿದ್ದಾಗ ಊರಿನ ಹತ್ತಿರಕ್ಕೆ ವರ್ಗಾವಣೆ ಕೇಳಿದ್ದೆ. ಶಿಫಾರಸು ಮಾಡಲು ಅವರಿಗೆ ಅಧಿಕಾರವಿತ್ತು. ಸರದಿಯಲ್ಲಿ ನಿಮಗಿಂತ ಮುಂದೆ ಇಬ್ಬರಿದ್ದಾರೆ ಎಂದು ಹೇಳಿ ಅರ್ಜಿಯನ್ನು ಪಕ್ಕಕ್ಕಿಟ್ಟರು. ನಿಯಮದ ಪ್ರಕಾರ ಅವರದ್ದು ಸರಿ. ಆ ಇಬ್ಬರಲ್ಲಿ ಒಬ್ಬರ ಮನೆಯಲ್ಲಿ ಇನ್ನೂ ದೊಡ್ಡ ಕಷ್ಟವಿತ್ತು ಎಂಬುದೂ ಆಮೇಲೆ ತಿಳಿಯಿತು. ಹಾಗಿದ್ದರೂ ಆ ಸಿಟ್ಟು ಪೂರ್ತಿ ಆರಿದೆ ಎಂದು ಹೇಳಲಾರೆ. ಕೃತಜ್ಞತೆ ಇರುವ ಕಡೆ ಸಿಟ್ಟಿಗೆ ಜಾಗವಿಲ್ಲ ಎಂದು ಯಾರು ಹೇಳಿದರು? ನನ್ನಲ್ಲಂತೂ ಅವೆರಡೂ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡಿವೆ.

ಮುಗಿಸಿ ತಂದವರು

ಗುರುವಿಗೆ ಸಲ್ಲಿಸುವ ನೆನಕೆ ಹೀಗೂ ಇರಬಹುದು ಎಂದು ತೋರಿಸಿದವರು ನಮ್ಮಲ್ಲಿ ಇಲ್ಲವೇ ಎಂದು ಯೋಚಿಸುತ್ತಿದ್ದಾಗ ಕುವೆಂಪು ನೆನಪಾದರು. ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದ ಹುಡುಗನಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿನಲ್ಲಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದದ್ದು ಎಲ್ಲರಿಗೂ ಬಾಯಿಪಾಠ. ಒಂದು ಭೇಟಿ, ಒಂದು ಮಾತು, ದಾರಿಯೇ ಬದಲಾಯಿತು. ನಾವು ಹೇಳಿಕೊಳ್ಳಲು ಇಷ್ಟಪಡುವುದು ಇಂಥ ಕತೆಗಳನ್ನೇ, ಏಕೆಂದರೆ ಅವು ಚಿಕ್ಕದಾಗಿ ಚೊಕ್ಕವಾಗಿರುತ್ತವೆ. ಆದರೆ ತಮ್ಮ ಜೀವಮಾನದ ದೊಡ್ಡ ಕೃತಿಯಾದ ರಾಮಾಯಣ ದರ್ಶನವನ್ನು ಕುವೆಂಪು ಅರ್ಪಿಸಿದ್ದು ಕಸಿನ್ಸ್ ಅವರಿಗಲ್ಲ, ತರಗತಿಯಲ್ಲಿ ಪಾಠ ಹೇಳಿದ, ವರ್ಷಗಟ್ಟಲೆ ಜೊತೆಗಿದ್ದ ಟಿ. ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ ಮುಗಿಯುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರು ಹೋದದ್ದು 1939ರಲ್ಲಿ. ಆ ಅರ್ಪಣೆಯ ಪದ್ಯ ನನಗೆ ಇಷ್ಟವಾಗುವುದು ಅದು ಹೊಗಳಿಕೆಯಿಂದ ಶುರುವಾಗುವುದಿಲ್ಲ ಎಂಬ ಕಾರಣಕ್ಕೆ. ಕೆಲಸ ಮುಗಿಸಿ ತಂದಿದ್ದೇನೆ, ಕೇಳಿ ಎನ್ನುವುದೇ ಅದರ ಮೊದಲ ಮಾತು. ಒಬ್ಬ ಇಂಜಿನಿಯರ್ ಕಿವಿಗೆ ಅದು ಕಾಮಗಾರಿ ಮುಗಿದ ವರದಿಯ ಹಾಗೆ ಕೇಳಿಸಿದರೆ ಸಾಹಿತ್ಯದವರು ಕ್ಷಮಿಸಬೇಕು.

ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನಲ್ಲಿ ಶುರುವಾದ ಸಂಗೀತೋತ್ಸವವನ್ನು ಮುಂದೆ ನಿಂತು ಬೆಳೆಸಿದವರು ಶಿಷ್ಯ ಭೀಮಸೇನ ಜೋಶಿ. ಅಲ್ಲಿ ಗುರುವಿನ ಬಗ್ಗೆ ಭಾಷಣ ಮಾಡುವುದಕ್ಕಿಂತ ಹಾಡುವುದೇ ಹೆಚ್ಚು. ಇತ್ತ ಕುಂದಗೋಳದ ನಾಡಗೀರರ ವಾಡೆಯಲ್ಲೂ ಅವರ ಪುಣ್ಯತಿಥಿಗೆ ಅಹೋರಾತ್ರಿ ಹಾಡುಗಾರಿಕೆ ನಡೆಯುತ್ತದೆ. ನಮ್ಮ ಇಲಾಖೆಯವರಿಗೆ ಹಾಡಲು ಬರುವುದಿಲ್ಲ, ಏನು ಮಾಡುವುದು, ಗ್ರಂಥ ತರುತ್ತೇವೆ.

ಸಾವಿರ ಆಳು, ನೂರು ಗಾಡಿ

ಸಾಹೇಬರ ಮೇಜಿನ ಗಾಜಿನ ಕೆಳಗೆ ಕೈಯಿಂದ ಬರೆದ ಒಂದು ಹಾಳೆ ಇರುತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಶಾಸನದಿಂದ ಇಳಿಸಿಕೊಂಡದ್ದು. 1369ರ ಶಾಸನ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಕೆರೆಗೆ ಅಂಟುವ ಆರು ದೋಷಗಳು ಅದರಲ್ಲಿವೆ. ಏರಿಯಿಂದ ನೀರು ಸೋರುವುದು ಒಂದು ದೋಷ, ಚೌಳು ನೆಲ ಒಂದು, ಎರಡು ರಾಜ್ಯಗಳ ಗಡಿಯಲ್ಲಿರುವುದು ಒಂದು. (ಕೊನೆಯದನ್ನು ಓದುವಾಗ ಸಾಹೇಬರು ಕಾವೇರಿಯ ಹೆಸರು ಎತ್ತದೆ ನಮ್ಮ ಮುಖ ನೋಡಿ ನಗುತ್ತಿದ್ದರು.) ಹೆಚ್ಚು ನೆಲ ಇದ್ದು ನೀರು ಕಡಿಮೆಯಾಗುವುದೂ ದೋಷ, ನೀರು ಹೆಚ್ಚಿದ್ದು ನೆಲ ಕಡಿಮೆಯಾಗುವುದೂ ದೋಷ. ಆರುನೂರೈವತ್ತು ವರ್ಷದ ಹಿಂದೆ ಇದನ್ನು ಬರೆದವರಿಗೆ ನಾವು ಇಂದು ಹೇಳಿಕೊಡಬೇಕಾದದ್ದು ಹೆಚ್ಚೇನೂ ಇಲ್ಲ.

ಹೊಸಬರಿಗೆ ತರಬೇತಿ ಕೊಡುವಾಗ ಆ ಹಾಳೆ ಓದಿಸಿ, ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದರು. ಆ ಕೆರೆ ಕಟ್ಟಲು ಎರಡು ವರ್ಷ ದಿನವೂ ಸಾವಿರ ಆಳುಗಳು ದುಡಿದರು, ಕಲ್ಲು ಹೇರಲು ನೂರು ಗಾಡಿಗಳಿದ್ದವು ಎಂದು ಶಾಸನ ಹೇಳುತ್ತದೆ. ಗಾಡಿಯ ಲೆಕ್ಕ ಇದೆ, ಆಳಿನ ಲೆಕ್ಕ ಇದೆ. ಏನಿಲ್ಲ? ಯಾರಾದರೂ ‘ಹೆಸರು’ ಎನ್ನುವವರೆಗೆ ಸುಮ್ಮನೆ ನಿಂತಿರುತ್ತಿದ್ದರು. ಯಾರೂ ಹೇಳದಿದ್ದರೆ ತಾವೂ ಹೇಳದೆ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಬಲಗಡೆಯ ಅಂಕಣ ಅವರಿಗೆ ಎಲ್ಲಿಂದ ಬಂತು ಎಂಬುದಕ್ಕೆ ನನಗೆ ತೋಚುವ ಉತ್ತರ ಈ ಹಾಳೆ. ಅವರ ಬಾಯಿಂದ ಅದನ್ನು ಹೇಳಿಸಲು ಇಂದಿಗೂ ಆಗಿಲ್ಲ. ಅದನ್ನು ಗ್ರಂಥದಲ್ಲಿ ಬೇರೆ ಯಾರಾದರೂ ಬರೆದಿರಬಹುದೆಂದು ಆಸೆಯಿಂದ ಹುಡುಕಿದೆ. ಹಾಳೆಯ ಪ್ರಸ್ತಾಪ ಒಂದು ಕಡೆ ಬರುತ್ತದೆ, ‘ಪ್ರಾಚೀನ ಜ್ಞಾನದ ಬಗ್ಗೆ ಅವರಿಗಿದ್ದ ಅಪಾರ ಗೌರವ’ ಎಂದು. ಗೌರವವಿತ್ತು, ಅದರ ಜೊತೆಗೆ ಒಂದು ತಕರಾರೂ ಇತ್ತು. ತಕರಾರಿನ ಮಾತೇ ಅಲ್ಲಿಲ್ಲ.

ಕಣದ ಮುಂದೆ

ಇಷ್ಟು ಬರೆದ ಮೇಲೆ ಕಷ್ಟದ ಭಾಗ ಉಳಿದಿದೆ. ಸಾಹೇಬರಿಗೆ ಅಭಿನಂದನಾ ಗ್ರಂಥ ಬರುತ್ತದೆ. ಲೋಟದ ಪರೀಕ್ಷೆ ಹೇಳಿಕೊಟ್ಟ ನೀರುಗಂಟಿಗೆ?

ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ವಾಡಿಕೆಯ ಲೆಕ್ಕ. ಬಯಲುಸೀಮೆಯ ಹಳ್ಳಿಗಳಲ್ಲಿ ಕೆರೆ ಇದ್ದಲ್ಲೆಲ್ಲ ತೂಬು ಎತ್ತಿ ಇಳಿಸುವ, ಕಾಲುವೆ ತಿರುಗಿಸುವ, ಮಳೆಯ ರಾತ್ರಿ ಏರಿ ಕಾಯುವ ಮನೆತನಗಳು ಇದ್ದವು. ಹಲವು ಊರುಗಳಲ್ಲಿ ಅವರು ದಲಿತರು. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು, ಯಾವ ದಿನ ಎಂದು ನಿಭಾಯಿಸುತ್ತಿದ್ದವರೂ ಅವರೇ. ಸಂಬಳವಿರಲಿಲ್ಲ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಎಂದು ಕಾಳು. ಕೊಳವೆಬಾವಿಗಳು ಬಂದು ಕೆರೆಯ ಹಂಗು ತಪ್ಪಿದ ಮೇಲೆ ಅದೂ ನಿಂತಿತು. 2002ರ ನಂತರ ಜಲಸಂವರ್ಧನೆ ಯೋಜನೆಯಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಊರೂರಿಗೆ ಕೆರೆ ಬಳಕೆದಾರರ ಸಂಘಗಳಾದಾಗ ಸಾಹೇಬರಿಗೆ ಒಂದು ಹುರುಪು ಬಂತು. ನೀರುಗಂಟಿಗಳನ್ನು ಕರೆಸಿ, ಗೌರವಧನ ಕೊಟ್ಟು, ಪ್ರತಿ ಊರಿನಲ್ಲಿ ನಾಲ್ಕು ಜನ ಹುಡುಗರಿಗೆ ಈ ವಿದ್ಯೆ ಕಲಿಸಬೇಕು ಎಂದು. ಮೊದಲು ಹೋದದ್ದು ಅದೇ 'ಎರಡು ಅಡ್ಡಗಲ್ಲು' ಮುದುಕರ ಮನೆಗೆ. ನಾನೂ ಜೊತೆಗಿದ್ದೆ.

ಮುದುಕರು ಎಲ್ಲವನ್ನೂ ಕೇಳಿಸಿಕೊಂಡರು. ಚಹಾ ತರಿಸಿದರು. ಆಮೇಲೆ ಬೇಡ ಎಂದರು. “ಬೇರೆಯವರ ಮಕ್ಕಳಿಗೆ ಕಲಿಸಲೇನೋ ಕಲಿಸಬಹುದು ಸ್ವಾಮಿ, ಅವರು ಬರುವುದಿಲ್ಲ. ನನ್ನ ಮಗ ಬರುತ್ತಾನೆ, ಅವನಿಗೆ ನಾನು ಕಲಿಸುವುದಿಲ್ಲ. ಮಳೆಯಲ್ಲಿ ರಾತ್ರಿಯಿಡೀ ಏರಿ ಕಾಯುವುದು ಕಷ್ಟವಲ್ಲ. ಸುಗ್ಗಿಯಲ್ಲಿ ಕಣದ ಮುಂದೆ ಮೊರ ಹಿಡಿದು ನಿಲ್ಲಬೇಕಲ್ಲ, ಅದು ಕಷ್ಟ. ನಮಗೆ ಬರಬೇಕಾದ ಕಾಳನ್ನೇ ಭಿಕ್ಷೆ ಹಾಕಿದ ಹಾಗೆ ಹಾಕುತ್ತಿದ್ದರು. ನಮ್ಮಪ್ಪ ನಿಂತ, ನಾನು ನಿಂತೆ. ಮಗ ನಿಲ್ಲುವುದು ಬೇಡ.”

ಗೌರವಧನ ಬ್ಯಾಂಕ್ ಖಾತೆಗೇ ಬರುತ್ತದೆ, ಕಣದ ಮುಂದೆ ನಿಲ್ಲಬೇಕಿಲ್ಲ ಎಂದು ಸಾಹೇಬರು ಹೇಳಿದರು. ಮುದುಕರು ನಕ್ಕರು, ಉತ್ತರ ಕೊಡಲಿಲ್ಲ. ಸಾಹೇಬರು ಅಲ್ಲೇ ಪುಸ್ತಕ ತೆಗೆದು ಆ ಮಾತನ್ನೂ ಬರೆದುಕೊಂಡರು, ಬಲಕ್ಕೆ ಹೆಸರು ಹಾಕಿದರು. ಆ ಕ್ಷಣದಲ್ಲಿ ನನಗೆ ಮೊದಲ ಬಾರಿಗೆ ಆ ಅಂಕಣದ ಬಗ್ಗೆ ಅನುಮಾನ ಬಂತು. ಹೆಸರು ಬರೆದುಕೊಂಡರೆ ನಮ್ಮ ಕಡೆಯ ಲೆಕ್ಕ ಚುಕ್ತಾ ಆಗುತ್ತದೆ ಎಂದು ನಾವು ಅಂದುಕೊಂಡಿದ್ದೆವೇ? ನಾನು ಕೈಯೊಡ್ಡಿ ಪಡೆದು ಇಂದಿಗೂ ಬಳಸುತ್ತಿರುವ ವಿದ್ಯೆ ತನ್ನ ಮನೆಯಲ್ಲಿ ತನ್ನೊಂದಿಗೇ ಮುಗಿಯಲಿ ಎಂದು ಅದರ ಒಡೆಯ ಬಯಸಿದ್ದ. ಅವನ ಪಾಲಿಗೆ ಅದು ವಿದ್ಯೆಯ ಜೊತೆಗೆ ಒಂದು ಅವಮಾನವೂ ಆಗಿತ್ತು, ಎರಡನ್ನೂ ಬಿಡಿಸಿ ಬೇರೆ ಮಾಡಲು ಬರುತ್ತಿರಲಿಲ್ಲ. ನನಗೆ ಮಾತ್ರ ಅವಮಾನ ಸೋಸಿ ಹೋಗಿ ತಿಳಿನೀರಿನಂಥ ವಿದ್ಯೆ ಸಿಕ್ಕಿತು. ಈ ವಿಷಯವನ್ನು ಸಾಹೇಬರ ಹತ್ತಿರ ಎತ್ತಿದಾಗ ಅವರು ವಾದ ಮಾಡಿದರು. ಬರೆದಿಡದಿದ್ದರೆ ಅವರ ಹೆಸರೂ ಆ ಸಾವಿರ ಆಳುಗಳ ಜೊತೆಗೇ ಹೋಗುತ್ತದೆ ಎಂದರು. ಅವರು ಹೇಳಿದ್ದು ತಪ್ಪಲ್ಲ. ನಮ್ಮಿಬ್ಬರಲ್ಲಿ ಒಬ್ಬರೂ ಇನ್ನೊಬ್ಬರನ್ನು ಒಪ್ಪಿಸಲಿಲ್ಲ.

ಈಗ ನಮ್ಮ ಹುಡುಗರು ಡ್ರೋನ್ ಹಾರಿಸಿ ಒಂದು ಗಂಟೆಯಲ್ಲಿ ಇಡೀ ಕೆರೆಯ ನಕ್ಷೆ ತೆಗೆಯುತ್ತಾರೆ. ನನಗೆ ಡ್ರೋನ್ ಮೇಲೆ ಮುನಿಸಿಲ್ಲ, ಲೆವೆಲ್ ಹೊತ್ತು ಸುಟ್ಟ ಹೆಗಲಿಗೆ ಅದರ ಬೆಲೆ ಗೊತ್ತು. ನಕ್ಷೆ ಮುಗಿದ ಮೇಲೆ ಏರಿಯ ಹಿಂಬದಿಗೆ ಇಳಿಸಿ ಲೋಟದ ಪರೀಕ್ಷೆ ಮಾಡಿಸುತ್ತೇನೆ, ಇದನ್ನು ಹೇಳಿಕೊಟ್ಟವರು ಯಾರೆಂದೂ ಹೇಳುತ್ತೇನೆ. ಕಣದ ಮಾತನ್ನು ಹೇಳಬೇಕೋ ಬೇಡವೋ ಎಂಬುದು ಒಂದೊಂದು ಸಲ ಒಂದೊಂದು ಥರ ತೋರುತ್ತದೆ.

ಗ್ರಂಥದಲ್ಲಿ ನೀರುಗಂಟಿಯ ಬಗ್ಗೆ ಎರಡು ಪುಟ ಇರಲಿ ಎಂದು ಸಮಿತಿಯಲ್ಲಿ ಕೇಳಿದೆ. ಇದು ಸಾಹೇಬರ ಗ್ರಂಥ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ತಕರಾರು ಮಾಡಿದರು. ಸಾಹೇಬರಿಗೆ ಯಾರೋ ಸುದ್ದಿ ಮುಟ್ಟಿಸಿ, ಆ ಎರಡು ಪುಟ ಇಲ್ಲದಿದ್ದರೆ ಸಮಾರಂಭಕ್ಕೆ ಬರುವುದಿಲ್ಲ ಎಂದು ಅವರು ಫೋನಿನಲ್ಲೇ ಬೈದ ಮೇಲೆ ಎಲ್ಲರೂ ಒಪ್ಪಿದರು. ಮುದುಕರು ಈಗ ಇಲ್ಲ. ಮಗ ಬೆಂಗಳೂರಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ನಂಬರ್ ಹುಡುಕಿ ಮಾತಾಡಿದೆ. ಅವನಿಗೆ ಸಂತೋಷವಾದದ್ದು ದನಿಯಲ್ಲೇ ತಿಳಿಯುತ್ತಿತ್ತು. ಅಪ್ಪನ ಫೋಟೊ ಕಳಿಸುತ್ತೇನೆ ಎಂದ. ಫೋನ್ ಇಡುವ ಮುನ್ನ ಮಾತ್ರ, “ಮೇಡಂ, ಅಪ್ಪ ಕೆರೆ ಉಳಿಸಿದರು ಎಂದು ಬರೆಯಿರಿ. ಕಣದಲ್ಲಿ ನಿಲ್ಲುತ್ತಿದ್ದರು ಎಂದು ಬರೆಯಬೇಡಿ. ನನ್ನ ಮಗಳು ಓದುತ್ತಾಳೆ,” ಎಂದ.

ಹಾಗಾಗಿ ಗ್ರಂಥದಲ್ಲಿ ಅವರ ಹೆಸರು, ತಂದೆಯ ಹೆಸರು, ಊರು, ಫೋಟೊ ಎಲ್ಲ ಇದೆ, ಕಣದ ಮಾತಿಲ್ಲ. ಇಲ್ಲಿ ಕಣದ ಮಾತಿದೆ, ಹೆಸರಿಲ್ಲ. ಪುಟಗಳು ಅಚ್ಚಿಗೆ ಹೋಗುವ ಮುನ್ನ ಒಮ್ಮೆ ನೋಡಲಿ ಎಂದು ಅವನಿಗೆ ವಾಟ್ಸ್ಆ್ಯಪ್ ಮಾಡಿದ್ದೇನೆ. ಒಂದು ಕಡೆ ಅಜ್ಜಿಯ ಹೆಸರನ್ನೂ ಸೇರಿಸಬೇಕಂತೆ, ತೂಬು ಎತ್ತುವಾಗ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದವರು ಅವರಂತೆ. ನಮ್ಮ ಯಾರ ಟಿಪ್ಪಣಿ ಪುಸ್ತಕದಲ್ಲೂ ಅದು ಇರಲಿಲ್ಲ.